ಫೈರ್‌ಪ್ಲೇಸಿನಲ್ಲಿ ಕೂತ ದೇವರು

ನನ್ನ ತಂಗಿಯ ಮನೆ ಚೆನ್ನಾಗಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಷ್ಟು ಒಪ್ಪದೆ ಇದನ್ನು ಬರೆಯುವುದಕ್ಕೆ ಆಗುವುದಿಲ್ಲ. ಸ್ಯಾನ್ ಡಿಯಾಗೋದಿಂದ ಒಳಗೆ ಅರ್ಧ ಗಂಟೆ ಹೋದರೆ ಗುಡ್ಡದ ಪಕ್ಕ ಅವಳ ಮನೆ. ಹಾಲಿನ ಒಂದು ಗೋಡೆಯ ತುಂಬ ಕಾಡುಕಲ್ಲಿನ ಫೈರ್‌ಪ್ಲೇಸು. ಗ್ಯಾಸಿನದಲ್ಲ, ನಿಜವಾಗಿ ಸೌದೆ ಉರಿಸುವುದು. ಅದರ ಎರಡೂ ಕಡೆ ಓಕ್ ಮರದ ಸೌದೆ ಒಟ್ಟಿರುತ್ತಾಳೆ. ಬೆತ್ತದ ಬುಟ್ಟಿಯಲ್ಲಿ ಪೈನ್ ಕಾಯಿ, ಸೋಫಾದ ಮೇಲೆ ಕೆಂಪು ಚೌಕಳಿಯ ಕಂಬಳಿ, ಕಿಟಕಿಗೆ ಒಣಗಿಸಿದ ಕಿತ್ತಳೆ ಬಿಲ್ಲೆಗಳ ಸರ. ನಮ್ಮೂರಲ್ಲಿ ರಾಗಿ ತುಂಬುವ ಗೋಣಿಚೀಲವನ್ನು ಕತ್ತರಿಸಿ ಊಟದ ಮೇಜಿನ ಮೇಲೆ ಉದ್ದಕ್ಕೆ ಹಾಸಿದ್ದಾಳೆ. ಬಂದವರೆಲ್ಲ ಅದನ್ನು ಮುಟ್ಟಿ ನೋಡಿ ರಸ್ಟಿಕ್, ಹಳ್ಳಿಯ ಸೊಗಡು ಎಂದು ಹೊಗಳುತ್ತಾರೆ. ಅದೇ ಗೋಣಿಚೀಲ ನಮ್ಮ ಮನೆಯಲ್ಲಿದ್ದರೆ ಕಾಲು ಒರೆಸಿಕೊಂಡು ಒಳಗೆ ಬರುತ್ತಿದ್ದರು.

ಇವಳು ಅಮೆರಿಕಕ್ಕೆ ಓದಲು ಬಂದಾಗ ಎರಡು ವರ್ಷ ನಮ್ಮ ಜೊತೆಯಲ್ಲೇ ಇದ್ದಳು. ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂದು ನನ್ನನ್ನು ಕೇಳುತ್ತಿದ್ದವಳು ಈಗ ಮನೆ ಹೀಗಿರಬೇಕು ಎಂದು ಊರಿಗೆಲ್ಲ ತೋರಿಸಿಕೊಡುತ್ತಾಳೆ. ಆದರೂ ಬರೀ ಮನೆಗಾಗಿ ಹೊಟ್ಟೆ ಉರಿದರೆ ನನಗೆ ಎರಡು ದಿನಕ್ಕೆ ಸರಿಹೋಗುತ್ತದೆ. ಸರಿಹೋಗದೆ ಉಳಿದದ್ದು ಮಗಳ ವಿಷಯ.

ಮಗಳಿಗೆ ಸ್ಯಾನ್ ಡಿಯಾಗೋದಲ್ಲಿ ಕಾಲೇಜು ಸಿಕ್ಕಾಗ, ತಂಗಿ ಹತ್ತಿರದಲ್ಲೇ ಇದ್ದಾಳೆ, ನಮಗೇನು ಚಿಂತೆ ಎಂದು ಎಲ್ಲರ ಹತ್ತಿರ ಹೇಳಿಕೊಂಡು ಓಡಾಡಿದವಳು ನಾನೇ. ತಂಗಿಗೆ ಮಕ್ಕಳಿಲ್ಲ. ಶನಿವಾರ ಬಂತೆಂದರೆ ಹಾಸ್ಟೆಲಿಗೆ ಡ್ರೈವ್ ಮಾಡಿಕೊಂಡು ಹೋಗಿ ಹುಡುಗಿಯನ್ನು ಕರೆತರುವುದು, ಬಿಸಿಬೇಳೆಭಾತ್ ಮಾಡಿ ಹಾಕುವುದು, ಬೆಂಕಿಯ ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುವುದು. ಅದರ ಫೋಟೋಗಳು ನನಗೆ ಬರುತ್ತಿದ್ದವು. ಹತ್ತು ವರ್ಷದಿಂದ ನನ್ನ ಕೈಗೆ ತಲೆ ಕೊಡದ ಹುಡುಗಿ ಅಲ್ಲಿ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದಳು.

2022ರ ಡಿಸೆಂಬರಿನಲ್ಲಿ ಅವಳು ಕೊನೆಯ ವರ್ಷದಲ್ಲಿದ್ದಳು. ಡಿಗ್ರಿ ಮುಗಿದ ಕೂಡಲೇ ಬಾಸ್ಟನ್ನಿನಲ್ಲಿ ಕೆಲಸ ಎಂದು ಆಗಲೇ ಗೊತ್ತಾಗಿತ್ತು. ಅಂದರೆ ಮನೆಗೆ ಬಂದು ನಾಲ್ಕು ದಿನ ನಿಲ್ಲುವ ರಜೆ ಇದೊಂದೇ ಉಳಿದಿತ್ತು. ಯಾವಾಗ ಬರುತ್ತೀಯ ಎಂದು ಫೋನಿನಲ್ಲಿ ಕೇಳಿದೆ. ಮೂರು ವಾರವೂ ಚಿಕ್ಕಮ್ಮನ ಮನೆಯಲ್ಲೇ ಇರುತ್ತೇನೆ, ಕ್ರಿಸ್‌ಮಸ್ ಹೊತ್ತಿಗೆ ಎರಡು ದಿನ ಬಂದು ಹೋಗುತ್ತೇನೆ ಎಂದು ಎಂದಿನಂತೆ ಇಂಗ್ಲಿಷಿನಲ್ಲಿ ಹೇಳಿದಳು. "ಇಟ್ಸ್ ಸೋ ಕೋಜಿ ಹಿಯರ್, ಅಮ್ಮ."

ಅಲ್ಲಿ ಕೋಜಿ, ಬೆಚ್ಚಗೆ ಹಾಯಾಗಿದೆಯಂತೆ. ಹಾಗಾದರೆ ಅಲ್ಲಿಂದ ಎರಡು ಗಂಟೆ ದೂರದ ಟೊರೆನ್ಸಿನ ನಮ್ಮ ಮನೆಯೇನು ಬಸ್ ಸ್ಟ್ಯಾಂಡೇ? ಫೋನ್ ಇಟ್ಟು ಹಾಲಿನಲ್ಲಿ ನಿಂತು ಸುತ್ತ ನೋಡಿದೆ. ಒಂದು ಕ್ಷಣ ನನಗೂ ಬಸ್ ಸ್ಟ್ಯಾಂಡಿನ ಹಾಗೇ ಕಂಡಿತು.

ನಮ್ಮ ಮನೆಯಲ್ಲೂ ಫೈರ್‌ಪ್ಲೇಸ್ ಇದೆ. ಅದರಲ್ಲಿ ದೇವರಿದ್ದರು. ಮನೆ ಕೊಂಡಾಗ ಪೂಜೆಗೆ ಬೇರೆ ಕೋಣೆ ಇರಲಿಲ್ಲ. ಗೃಹಪ್ರವೇಶಕ್ಕೆ ಬಂದ ಪುರೋಹಿತರು ಸುತ್ತ ಕಣ್ಣಾಡಿಸಿ, ಈ ಇಟ್ಟಿಗೆಯ ಗೂಡು ಹೇಗೂ ಪೂರ್ವಕ್ಕೆ ಮುಖ ಮಾಡಿದೆ, ಇಲ್ಲೇ ಇಟ್ಟುಬಿಡಿ ಅಂದರು. ಹಿತ್ತಾಳೆಯ ಮಂಟಪ ಗೂಡಿನೊಳಗೆ, ಪಟಗಳು ಮೇಲಿನ ಹಲಗೆಯ ಮೇಲೆ. ಇಲ್ಲಿ ನಮ್ಮ ಕಡೆಯವರ ಎಷ್ಟೋ ಮನೆಗಳಲ್ಲಿ ಹೀಗೇ. ಹತ್ತಿರದ ಸೆರಿಟೋಸ್ ಊರಿನ ಒಬ್ಬರಂತೂ ಫೈರ್‌ಪ್ಲೇಸಿಗೆ ಪುಟ್ಟ ಗಂಟೆಗಳ ಬಾಗಿಲನ್ನೇ ಮಾಡಿಸಿದ್ದಾರೆ. ತಂಗಿಯ ಮನೆಯಲ್ಲಿ ಪೂಜೆಗೆ ಪ್ರತ್ಯೇಕ ಕೋಣೆಯಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಮನೆಯನ್ನೂ ಕೋಜಿ ಮಾಡಿಯೇ ತೀರಬೇಕೆಂದು, ತಂಗಿ ಕಳಿಸಿದ ಫೋಟೋಗಳನ್ನು ಬೆರಳಲ್ಲಿ ಹಿಗ್ಗಿಸಿ ನೋಡಿ ಒಂದೊಂದನ್ನೇ ತಂದೆ. ಪೈನ್ ಕಾಯಿ ತಂದೆ, ಚೌಕಳಿ ಕಂಬಳಿ ತಂದೆ, ಅವಳ ಹತ್ತಿರ ಇಲ್ಲದ ಬಿಳಿ ತುಪ್ಪಳದ ಹಾಸೊಂದನ್ನೂ ತಂದೆ. ಕಿತ್ತಳೆ ಬಿಲ್ಲೆಗಳನ್ನು ಓವನ್ನಿನಲ್ಲಿ ಒಣಗಿಸಲು ಹೋಗಿ ಒಂದು ಟ್ರೇ ಸೀದುಹೋಯಿತು. ನನ್ನ ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಹೊರಗೆ ಸ್ವೆಟರೂ ಬೇಡದಷ್ಟು ಬೆಚ್ಚಗಿದೆ. ಯಾರಿಗೆ ಈ ಬೆಂಕಿ?"

"ನಿಮಗಲ್ಲ ಬಿಡಿ."

ದೇವರನ್ನು ಎಬ್ಬಿಸಿ ಬೆಡ್‌ರೂಮಿನ ಕ್ಲಾಸೆಟ್ಟಿನ ಮೇಲಿನ ಶೆಲ್ಫಿನಲ್ಲಿ, ನನ್ನ ರೇಷ್ಮೆ ಸೀರೆಗಳ ಪಕ್ಕ ಕೂರಿಸಿದೆ. ಮೂರೇ ವಾರ, ಹೊಂದಿಕೊಳ್ಳಿ ಎಂದು ಕೈ ಮುಗಿದು ಕೇಳಿಕೊಂಡೆ. ಕೈ ಮುಗಿದಾಗಲೂ ಮನಸ್ಸಿನಲ್ಲಿದ್ದದ್ದು ತಂಗಿಯ ಮೇಲಿನ ಸಿಟ್ಟೇ.

ಮಗಳಿಗೆ ಉರಿಯುವ ಬೆಂಕಿಯ ವಿಡಿಯೋ ಕಳಿಸಿ ಆಸೆ ಹುಟ್ಟಿಸಬೇಕು ಎಂಬುದು ನನ್ನ ಲೆಕ್ಕಾಚಾರ. ಒಂದು ಭಾನುವಾರ ಮಧ್ಯಾಹ್ನ ಸೌದೆ ಜೋಡಿಸಿ, ಮಂಗಳಾರತಿಯ ಕರ್ಪೂರವನ್ನೇ ಅಡಿಗಿಟ್ಟು ಹಚ್ಚಿದೆ. ಎರಡು ನಿಮಿಷ ಬಹಳ ಚೆನ್ನಾಗಿ ಉರಿಯಿತು. ಫೋನ್ ಎತ್ತಿ ಹಿಡಿಯುವಷ್ಟರಲ್ಲಿ ಹೊಗೆಯೆಲ್ಲ ಹಾಲಿನೊಳಕ್ಕೆ ನುಗ್ಗಿತು. ಅಲಾರ್ಮ್ ಕಿರುಚಿಕೊಂಡಿತು. ನನ್ನ ಗಂಡ ಬಕೆಟ್ಟಿನಲ್ಲಿ ನೀರು ತಂದು ಸುರಿದರು. ಬಿಳಿ ಹಾಸಿನ ತುಂಬ ಬೂದಿಯ ರಾಡಿ. ಆಮೇಲೆ ಅವರು ತಲೆ ಕೆರೆದುಕೊಂಡರು.

"ದೀಪ ನಿಲ್ಲಲ್ಲ, ಮೇಲಿಂದ ಗಾಳಿ ಬರುತ್ತೆ ಅಂತ ನೀನೇ ಗಲಾಟೆ ಮಾಡಿದ್ದೆ. ಅದಕ್ಕೇ ನಾನು ಚಿಮ್ನಿ ಒಳಗೆ ಹಳೇ ಜಮಖಾನ ತುರುಕಿದ್ದೆ."

"ಯಾವಾಗ?"

"ಮನೆಗೆ ಬಂದ ವರ್ಷ."

ನಾನು ಅವರನ್ನು ಸರಿಯಾಗಿ ಬೈಯುವ ಮೊದಲೇ ಅವರು ನನ್ನ ತಂಗಿಯ ಗಂಡನಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ಜಮಖಾನವನ್ನು ಹೇಗೆ ಎಳೆಯಬೇಕೆಂದು ಕೇಳುತ್ತಿದ್ದರು. ಇಡೀ ಕ್ಯಾಲಿಫೋರ್ನಿಯಾದಲ್ಲಿ ಇವರಿಗೆ ಬೇರೆ ಯಾರೂ ಸಿಗಲಿಲ್ಲ. ಆ ಕಡೆ ತಂಗಿ ಫೋನ್ ತೆಗೆದುಕೊಂಡಳು.

"ಅಕ್ಕ, ಮೊದ್ಲು ಕಿಟಕಿ ಎಲ್ಲಾ ತೆಗಿ. ನೀನು ಹೊರಗಡೆ ಹೋಗಿ ನಿಂತ್ಕೋ." ಆಮೇಲೆ ಕೇಳಿದಳು. "ದೇವರನ್ನ ಎಲ್ಲಿಟ್ಟಿದ್ದೀಯ?"

"ಕ್ಲಾಸೆಟ್ಟಲ್ಲಿ."

ಅವಳು ನಕ್ಕಿದ್ದರೆ ಬೈದು ಹಗುರಾಗುತ್ತಿದ್ದೆ. ನಗಲಿಲ್ಲ. ಆಯ್ತು ಬಿಡು ಅಂದಳು, ಅಷ್ಟೇ. ಯಾಕೆ, ಏನು ಎಂದು ಒಂದು ಮಾತೂ ಕೇಳಲಿಲ್ಲ. ಕೇಳದೆಯೇ ಅವಳಿಗೆ ಎಲ್ಲ ಅರ್ಥವಾಗಿದ್ದು ನನಗೆ ಸಹಿಸಲಾಗಲಿಲ್ಲ.

ಬುಧವಾರ ಸಂಜೆ ಮಗಳು ಬಂದಳು. ಎರಡು ದೊಡ್ಡ ಸೂಟ್‌ಕೇಸು. ರಜೆ ಮುಗಿಯುವ ತನಕ ಇಲ್ಲೇ ಇರುತ್ತೇನೆ ಅಂದಳು. ಮನೆಯಲ್ಲಿ ಇನ್ನೂ ಹೊಗೆಯ ವಾಸನೆ ಇತ್ತು, ಅವಳು ಮೂಗು ಕೂಡ ಮುರಿಯಲಿಲ್ಲ. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಫ್ರೀಜರಿನಿಂದ ಅವರೆಕಾಳು ತೆಗೆದು, ಕೂತು ಹಿತುಕಿ, ಹಿತಕಬೇಳೆ ಸಾರು ಮಾಡಿದೆ. ತಂಗಿಯ ಕಲ್ಲಿನ ಗೋಡೆ, ಓಕ್ ಸೌದೆ, ಎಲ್ಲವನ್ನೂ ಸೋಲಿಸಿದೆ ಎಂದುಕೊಂಡು ತುಪ್ಪ ಎರಡು ಚಮಚ ಜಾಸ್ತಿಯೇ ಬಡಿಸಿದೆ.

"ಅಲ್ಲಿಗಿಂತ ಇಲ್ಲೇ ಇಷ್ಟ ಆಯ್ತು ಅಲ್ವಾ ಕೊನೆಗೆ?" ಅಂದೆ. ಕೇಳಬಾರದಿತ್ತು.

ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು. "ಐ ವಾಸಂಟ್ ಸಪೋಸ್ಡ್ ಟು ಟೆಲ್ ಯೂ," ಎಂದು ಶುರುಮಾಡಿ, ಎಲ್ಲ ಹೇಳಿದಳು. ಚಿಕ್ಕಮ್ಮ ಎದುರಿಗೆ ಕೂರಿಸಿಕೊಂಡು, ನಿಮ್ಮಮ್ಮ ದೇವರನ್ನು ಕ್ಲಾಸೆಟ್ಟಿನಲ್ಲಿಟ್ಟಿದ್ದಾಳೆ ಎಂದರೆ ಏನೆಂದು ನಿನಗೆ ಗೊತ್ತಿಲ್ಲ, ನೀನು ಮನೆಗೆ ಹೋಗು ಅಂದಳಂತೆ. ಇವಳು ಒಲ್ಲೆ ಅಂದಳಂತೆ. ಬಟ್ಟೆ ಮಡಚಿ ಸೂಟ್‌ಕೇಸ್ ತುಂಬಿದ್ದೂ ಚಿಕ್ಕಮ್ಮನೇ. ಮೂರು ವಾರಕ್ಕೆಂದು ಇವಳಿಗಾಗಿ ಒಂದು ಕೋಣೆಯನ್ನೇ ಅಣಿ ಮಾಡಿಟ್ಟಿದ್ದಳಂತೆ.

ಇನ್ನು ಅಲ್ಲಿ ಗಂಡ ಹೆಂಡತಿ ಇಬ್ಬರೇ ಕೂತಿರುತ್ತಾರೆ ಎಂದು ಹೊಳೆಯಿತು. ಪಾಪ ಅನಿಸಬೇಕಿತ್ತು, ಅನಿಸಿತು ಕೂಡ. ಆದರೆ ಆ ಕನಿಕರ ನೆಲೆಯಾಗುವ ಮೊದಲೇ, ಇದರಲ್ಲೂ ನನಗಿಂತ ತಂಗಿಯೇ ಒಳ್ಳೆಯವಳಾದಳಲ್ಲ ಎಂಬ ಸಂಕಟ ಬಂದು ಕೂತಿತು. ನನ್ನ ಮಗಳನ್ನು ನನಗೆ ಅವಳು ಕೊಟ್ಟು ಕಳಿಸಿದ್ದಳು.

ಊಟ ಮುಗಿಯುತ್ತಿದ್ದ ಹಾಗೆ ಅವಳದೇ ಫೋನ್ ಬಂತು.

"ಅಕ್ಕ, ಬಂದ್ಲಾ?"

"ಬಂದಳು."

"ಎಷ್ಟು ದಿನ ಇರ್ತಾಳಂತೆ?" ಏನೂ ಗೊತ್ತಿಲ್ಲದವಳ ಹಾಗೆ ಕೇಳಿದಳು.

"ಪೂರ್ತಿ ರಜೆ ಇರ್ತಾಳಂತೆ. ಅವಳಿಗೇ ಮನೆ ನೆನಪಾಯ್ತಂತೆ," ಅಂದೆ.

ಒಳ್ಳೇದಾಯ್ತು ಬಿಡು ಅಂದಳು. ನೀನೇ ಕಳಿಸಿದ್ದು ಗೊತ್ತು ಎಂದು ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಹೇಳಿದ್ದರೆ ಅವಳಿಗೆ ಥ್ಯಾಂಕ್ಸ್ ಹೇಳಬೇಕಾಗುತ್ತಿತ್ತು.