ದಾಖಲೆಯಲ್ಲಿದ್ದ ‘ನಮ್ಮಾಕಿ’

“ಮೊದಲ ಹೆಂಡತಿ ನಮ್ಮಾಕಿಯ ಡೆತ್ ಸರ್ಟಿಫಿಕೇಟ್ ಕಳಿಸಿರಿ” ಎಂದಿದ್ದ ಸೈನ್ಯದ ಪತ್ರವನ್ನು ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಗಂಗವ್ವ ಗಂಡನತ್ತ ತಿರುಗಿ, “ಯಾರ್ರೀ ಆಕಿ?” ಎಂದು ಗುಡುಗಿದರು.

ಆಗ ಎಂಬತ್ತರ ದಶಕ. ಡೊಂಬಿವಲಿಯಲ್ಲಿ ನಮ್ಮ ನೆಯ್ಬರ್ ಆಗಿದ್ದ ವಿಜಾಪುರದ ಕಡೆಯ ಆ ನಿವೃತ್ತ ಹವಾಲ್ದಾರರು, ತಮ್ಮ ನಂತರ ಪೆನ್ಷನ್ ಗಂಗವ್ವನಿಗೇ ಸಿಗಲೆಂದು ದಾಖಲೆಯಲ್ಲಿ ಆಕೆಯ ಹೆಸರು ಬರೆಸಲು ಸೈನ್ಯವನ್ನು ಕೇಳಿದ್ದರು. ನನ್ನದು ಕಾನ್ವೆಂಟ್ ಇಂಗ್ಲಿಷ್, ಹಾಗಾಗಿ ಅರ್ಜಿ ನಾನೇ ಬರೆದಿದ್ದೆ.

“ಭರ್ತಿ ಆಗೂ ಮುಂದ ಹೆಂಡ್ತಿ ಹೆಸರು ಕೇಳಿದ್ರು. ಹೆಸರು ಹ್ಯಾಂಗ ಹೇಳೂದ್ರಿ ಬಾಯಾರ? ನಾಚಿ ‘ನಮ್ಮಾಕಿ’ ಅಂದೆ. ಕ್ಲಾರ್ಕಗ ಕನ್ನಡ ಬರ್ತಿದ್ದಿಲ್ಲ, ಹಂಗ ಬರಕೊಂಡ!” ಎಂದರು ಹವಾಲ್ದಾರರು.

ಗಂಗವ್ವ, ‘ನಮ್ಮಾಕಿ’ ಇಬ್ಬರೂ ಒಬ್ಬಳೇ ಎಂದು ಅಫಿಡವಿಟ್ ಮಾಡಿಸಲು ಕಲ್ಯಾಣದ ವಕೀಲರಲ್ಲಿಗೆ ಹೋದೆವು. ಹೆಸರನ್ನು ಬಾಯಿಬಿಟ್ಟು ಹೇಳಲೇಬೇಕಾಯಿತು. ಹವಾಲ್ದಾರರು ಅಟೆನ್ಷನ್‌ನಲ್ಲಿ ನಿಂತು, ಕಣ್ಣು ಮುಚ್ಚಿ, “ಗಂಗವ್ವ” ಎಂದರು. ಪಕ್ಕದಲ್ಲೇ ಇದ್ದ ಆಕೆ ಬೆಚ್ಚಿ, “ಯಾರ್ರೀ ಕರದವ್ರು?” ಎಂದು ಹಿಂದೆ ನೋಡಿದರು.

ಕೊನೆಗೆ ದಾಖಲೆಯಲ್ಲಿ ‘ಗಂಗವ್ವ ಅಲಿಯಾಸ್ ನಮ್ಮಾಕಿ’ ಎಂದಾಯಿತು. ಇತ್ತ ನಮ್ಮವರು, ನನ್ನ ಪತಿ, ಕೊನೆಯವರೆಗೂ ನನ್ನನ್ನು ‘ಲಿಸನ್’ ಎಂದೇ ಕರೆದರು. ಅವರ ಫಾರ್ಮುಗಳಲ್ಲೆಲ್ಲ ನನ್ನ ಹೆಸರು ಕರೆಕ್ಟಾಗಿಯೇ ಇತ್ತು; ಅವರ ಬಾಯಲ್ಲಿ ಕೇಳುವ ಯೋಗ ಮಾತ್ರ ಬರಲಿಲ್ಲ.