ತಂಗಿ ಕೇಳಿ ಬರೆಸಿಕೊಂಡ ಕಾಗದ

ಆ ಶುಕ್ರವಾರ ಬೆಳಿಗ್ಗೆ ಕಾರವಾರದ ಕೋಡಿಬಾಗದ ಬಸ್‌ ಸ್ಟಾಪಿನಲ್ಲಿ ನಮ್ಮ ಓಣಿಯ ಮೀನುಗಾರರ ಮನೆಯ ಸೊಸೆ ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು. ಅವಳ ಗಂಡ ಕುವೈತಿನಲ್ಲಿದ್ದ. ಅಲ್ಲಿ ಶುಕ್ರವಾರ ರಜೆ. ವಾರಕ್ಕೊಮ್ಮೆ ಅವಳು ನನ್ನ ಸೈಬರ್ ಕೆಫೆಗೆ ಬಂದು ಕ್ಯಾಮೆರಾದ ಮುಂದೆ ಮಗುವನ್ನು ಎತ್ತಿ ಹಿಡಿದು ಅವನ ಜೊತೆ ಮಾತಾಡುತ್ತಿದ್ದಳು. ಮೂರು ವಾರದಿಂದ ಮಾತ್ರ ಪತ್ತೆಯಿರಲಿಲ್ಲ.

“ಎಲ್ಲಿಗೆ ಹೊರಟದ್ದೆ?” ಎಂದೆ.

ಅವಳು ಮಗುವಿನ ಟೊಪ್ಪಿ ಸರಿಮಾಡುವ ನೆಪದಲ್ಲಿ ಮುಖ ತಪ್ಪಿಸಿದಳು. “ಅಂಕೋಲಕ್ಕೆ ಅಕ್ಕಾ. ನಿಮ್ಮ ತಂಗಿಯವ್ರ ಸೈಬರಿಗೆ. ಬೇಜಾರ್ ಮಾಡ್ಕಬೇಡಿ. ನಿಮ್ಮಲ್ಲಿ ನಮ್ಮನೆಯವ್ರ ಮುಖ ಅರ್ಧಕ್ಕೇ ನಿಂತ್ ಹೋಗ್ತದೆ. ಅಲ್ಲಿ ನಗೂದೂ ಕಾಣ್ತದೆ.”

ಬಸ್ಸು ಬಂತು, ಅವಳು ಹತ್ತಿದಳು. ನನ್ನ ಬಾಗಿಲಿನಿಂದ ನೂರು ಹೆಜ್ಜೆ ದೂರದಲ್ಲಿದ್ದವಳು ಒಂದು ತಾಸು ಬಸ್ಸಿನಲ್ಲಿ ಕುಳಿತು ನನ್ನ ತಂಗಿಯ ಬಾಗಿಲಿಗೆ ಹೋಗುತ್ತಿದ್ದಳು. ಹೊಟ್ಟೆಕಿಚ್ಚು ಎನ್ನುವುದು ಬರೀ ಮಾತಲ್ಲ, ನಿಜವಾಗಿ ಹೊಟ್ಟೆಯಲ್ಲೇ ಹುಟ್ಟುವ ಉರಿ ಎಂದು ನನಗೆ ಅಂದು ಗೊತ್ತಾಯಿತು.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಾವಿಬ್ಬರೂ ಕದ್ವಾಡದಲ್ಲಿ ಹುಟ್ಟಿ ಬೆಳೆದವರು. ನನ್ನನ್ನು ಕೋಡಿಬಾಗಕ್ಕೆ ಕೊಟ್ಟರು, ತಂಗಿಯನ್ನು ಅಂಕೋಲೆಗೆ. ಸೈಬರ್ ಮೊದಲು ಹಾಕಿದವಳು ನಾನು. ಕಾಳಿ ನದಿ ಕಾಣುವ ನಮ್ಮ ಮನೆಯ ಹೊರಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡಿದ್ದೆ. ಎರಡು ವರ್ಷದ ನಂತರ ತಂಗಿ ಅಂಕೋಲೆಯ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ತೆರೆದಾಗ ಮೌಸ್ ಹಿಡಿಯುವುದರಿಂದ ಹಿಡಿದು ಪರೀಕ್ಷೆಯ ಫಲಿತಾಂಶದ ಪ್ರಿಂಟ್ ತೆಗೆಯುವವರೆಗೆ ಎಲ್ಲವನ್ನೂ ಕಲಿಸಿದವಳು ನಾನೇ. ಇಂಟರ್ನೆಟ್ ಕಂಪನಿಯನ್ನೂ ನಾನೇ ಹೇಳಿದ್ದೆ. ಇಬ್ಬರದೂ ಒಂದೇ ಕಂಪನಿ, ಒಂದೇ ಪ್ಲಾನು. ಹಾಗಿದ್ದೂ ಅವಳಲ್ಲಿ ಪುಟಗಳು ಥಟ್ಟನೆ ತೆರೆಯುತ್ತಿದ್ದವು. ನನ್ನಲ್ಲಿ ತಿಂಗಳ ಮೊದಲ ವಾರ ಚೆನ್ನಾಗಿ ನಡೆದು, ಆಮೇಲೆ ಕೆಸರಿಗೆ ಬಿದ್ದ ಎಮ್ಮೆಯ ಹಾಗೆ ಮಲಗಿಬಿಡುತ್ತಿತ್ತು.

ಮಾರನೆಯ ದಿನವೇ ಹೇಳದೆ ಕೇಳದೆ ಅಂಕೋಲೆಗೆ ಹೋದೆ. ಮಾವಿನ ಕಾಲ. ಅವಳ ಅಂಗಡಿಯ ಮುಂದೆ ಹೆಂಗಸರು ಬುಟ್ಟಿಗಳಲ್ಲಿ ಇಶಾಡು ಹಣ್ಣು ಇಟ್ಟುಕೊಂಡು ಕೂತಿದ್ದರು. ಒಳಗೆ ನಾಲ್ಕು ಜನ ಬೆಂಚಿನ ಮೇಲೆ ತಮ್ಮ ಸರದಿಗೆ ಕಾಯುತ್ತಿದ್ದರು. ನನ್ನಲ್ಲಿ ಬೆಂಚೇ ಇರಲಿಲ್ಲ, ಅದರ ಅಗತ್ಯ ಬಿದ್ದಿರಲಿಲ್ಲ. ಗೋಡೆಗೆ ಕೈಬರಹದ ಒಂದು ದೊಡ್ಡ ಕಾಗದ ಅಂಟಿಸಿತ್ತು. ನಾನು ಅದರ ಕಡೆ ನೋಡಲೂ ಇಲ್ಲ.

“ಅಕ್ಕಾ! ಬಾರೆ, ಕೂತ್ಕ. ಎಂತಾ ಒಮ್ಮೆಲೇ ಬಂದೆ?” ತಂಗಿಗೆ ನಿಜವಾಗಿ ಖುಷಿಯಾಗಿತ್ತು.

“ನಿಂದು ಬೇರೆ ಲೈನಾ?”

“ಇಲ್ವೆ, ನಿಂದೇ ಲೈನು. ಆದ್ರೆ ಅದ್ರಲ್ಲಿ ಒಂದು ವಿಷಯ ಅದೆ, ನಿಂಗೆ ಹೇಳೂಕೇ ಆಗ್ಲಿಲ್ಲ...”

“ಬೇಡ. ನಂಗೆ ಕಲಿಸೂಕೆ ಬರಬೇಡ,” ಎಂದೆ. ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ಅವಳು ತಂದಿಟ್ಟ ಹಣ್ಣಿನ ಹೋಳು ಮುಟ್ಟದೆ ಎದ್ದು ಬಂದೆ.

ಹಿಂದಿರುಗುವ ಬಸ್ಸಿನಲ್ಲಿ ನನ್ನ ಮನಸ್ಸು ಒಂದು ಕಥೆ ಕಟ್ಟಿತು. ರಿಪೇರಿಗೆ ಬರುವ ಲೈನ್‌ಮನ್‌ಗೆ ಅವಳು ಏನೋ ಕೊಟ್ಟಿದ್ದಾಳೆ, ಅವನು ನನ್ನ ವೇಗ ಕಿತ್ತು ಅವಳಿಗೆ ಕೊಟ್ಟಿದ್ದಾನೆ. ಕಾರವಾರ ತಲುಪುವ ಹೊತ್ತಿಗೆ ಅದು ಕಥೆಯಾಗಿ ಉಳಿದಿರಲಿಲ್ಲ, ಸತ್ಯವೇ ಆಗಿತ್ತು. ಮನೆಗೆ ಹೋಗದೆ ನೇರ ಕದ್ವಾಡದ ತವರಿಗೆ ಹೋಗಿ ಹೆತ್ತ ಆಯಿಯ ಮುಂದೆ ಅದನ್ನೇ ಹೇಳಿದೆ. ಆಯಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. “ಅವ್ಳು ಹಾಗೆ ಮಾಡೂದಿಲ್ಲ,” ಎಂದಳು. ಆ ಒಂದು ಮಾತು ನನ್ನನ್ನು ಇನ್ನಷ್ಟು ಉರಿಸಿತು. ಚಿಕ್ಕಂದಿನಿಂದಲೂ ಆಯಿ ಅವಳ ಬಗ್ಗೆ ಹೀಗೆಯೇ, ವಿಚಾರಣೆಯಿಲ್ಲದೆ ಹೇಳುತ್ತಿದ್ದಳು.

ನನ್ನ ಮಾತು ತಂಗಿಯ ಕಿವಿಗೆ ಬಿತ್ತು. ಅವಳು ನನಗೆ ಫೋನ್ ಮಾಡುವುದು ನಿಂತಿತು.

ಹದಿನೈದು ದಿನದ ನಂತರ ಕಂಪನಿಯ ಕಾರವಾರದ ಆಫೀಸಿಗೆ ಜಗಳಕ್ಕೆಂದೇ ಹೋದೆ. ಮೇಜಿನ ಹಿಂದೆ ಕೂತ ಏಜೆಂಟನಿಗೆ, “ನನ್ನ ತಂಗಿಗೆ ಜಾಸ್ತಿ ವೇಗ ಎಂತಕೆ ಕೊಡೂದು?” ಎಂದು ಕೇಳಿದೆ.

“ಎಲ್ಲರಿಗೂ ಒಂದೇ ಮೇಡಂ,” ಎಂದು ಆತ ಫೈಲು ತೆಗೆದು ನನ್ನ ಅರ್ಜಿ ತೋರಿಸಿದ. ಅದರ ಹಿಂಬದಿಯಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳು, ಕೆಳಗೆ ನನ್ನ ಸಹಿ. “ಕಂಡೀಷನ್ಸ್ ಎಲ್ಲಾ ಇದ್ರಲ್ಲೇ ಉಂಟು. ನೀವು ಓದಿ ಸಹಿ ಮಾಡಿದ್ದಲ್ವಾ?”

ನಾನು ಓದಿರಲಿಲ್ಲ. ಸಹಿ ಹಾಕಿದ ದಿನ ಗಂಡ ಪಕ್ಕದಲ್ಲಿದ್ದರು. ನನಗೆ ಇಂಗ್ಲಿಷ್ ಬರುತ್ತದೆ ಎಂದು ಅವರ ಮನೆಯಲ್ಲಿ ಎಲ್ಲರೂ ನಂಬಿದ್ದರು. ಆ ನಂಬಿಕೆ ಉಳಿಸಿಕೊಳ್ಳಲು ಕಾಗದದ ಮೇಲೆ ಕಣ್ಣಾಡಿಸಿ ತಲೆಯಾಡಿಸಿದ್ದೆ ಅಷ್ಟೇ.

ಏಜೆಂಟ್ ನಕ್ಕ. “ನಿಮ್ಮ ತಂಗಿ ಅಂದ್ರೆ ಅಂಕೋಲದವ್ರಾ? ಅಬ್ಬಾ! ಮೂರು ದಿನ ಇದೇ ಕುರ್ಚಿಯಲ್ಲಿ ಕೂತಿದ್ರು. ‘ನಂಗೆ ಇಂಗ್ಲಿಷ್ ಬರೂದಿಲ್ಲ, ಇದ್ರಲ್ಲಿ ಎಂತಾ ಬರ್ದದ್ದು ಕನ್ನಡದಲ್ಲಿ ಹೇಳಿ’ ಅಂತ. ನಂಗೇ ಗೊತ್ತಿಲ್ಲಾಗಿತ್ತು. ಹುಬ್ಬಳ್ಳಿ ಆಫೀಸಿಗೆ ಫೋನ್ ಮಾಡಿ ಕೇಳಿ ಬರ್ಕೊಟ್ಟೆ.”

ಅದರ ನಕಲನ್ನು ನನ್ನ ಮುಂದಿಟ್ಟ. ತಿಂಗಳಿಗೆ ಇಷ್ಟು ಎಂದು ಬಳಕೆಯ ಮಿತಿಯಿದೆ, ಅದು ದಾಟಿದರೆ ತಿಂಗಳ ಕೊನೆಯವರೆಗೂ ವೇಗ ಇಳಿಸುತ್ತಾರೆ. ಮಧ್ಯಾಹ್ನದಿಂದ ಸಂಜೆಯವರೆಗೆ ಲೈನಿನಲ್ಲಿ ಬಳಸುವವರ ಗದ್ದಲ ಹೆಚ್ಚು. ಆ ಹೊತ್ತಿನಲ್ಲಿ ಹಾಡು, ಸಿನಿಮಾ ಇಳಿಸುವುದನ್ನೂ ಮುಖ ನೋಡಿ ಮಾತಾಡುವುದನ್ನೂ ಕಂಪನಿಯೇ ಬೇಕೆಂದು ಹಿಂದಕ್ಕೆ ತಳ್ಳಿ ನಿಧಾನ ಮಾಡುತ್ತದೆ. ಎಷ್ಟು ಬಳಕೆಯಾಗಿದೆ ಎಂದು ನೋಡಲು ಒಂದು ಪುಟವೂ ಇದೆ. ನನಗೆ ಯಾರೂ ಹೇಳಿರಲಿಲ್ಲ. ನನ್ನ ಮೂಲೆಯ ಕಂಪ್ಯೂಟರಿನಲ್ಲಿ ಬಂದವರೆಲ್ಲ ದಿನವಿಡೀ ಸಿನಿಮಾ ಇಳಿಸಿಕೊಳ್ಳುತ್ತಿದ್ದರು. ಎರಡನೇ ವಾರಕ್ಕೇ ನನ್ನ ಮಿತಿ ಮುಗಿಯುತ್ತಿತ್ತು. ತಂಗಿ ಸಿನಿಮಾ ಬೇಡವೆಂದು ಬಿಟ್ಟು, ಗಲ್ಫಿನ ಮಾತುಕತೆಗೆ ಬೆಳಗಿನ ಹೊತ್ತು ಗೊತ್ತುಮಾಡಿದ್ದಳು. ಹಾಗೇಕೆ ಎಂಬುದನ್ನೂ ಬರೆದು ಗೋಡೆಗೆ ಅಂಟಿಸಿದ್ದಳು.

ಸತ್ಯ ತಿಳಿದ ಮೇಲೆ ಹೊಟ್ಟೆಕಿಚ್ಚು ತಣ್ಣಗಾಗಬೇಕಿತ್ತು. ನನಗೆ ಹೆಚ್ಚಾಯಿತು. ಅವಳು ಮೋಸ ಮಾಡಿದ್ದರೆ ನಾನು ಅವಳಿಗಿಂತ ಮೇಲೆ ಇರುತ್ತಿದ್ದೆ. ‘ನಂಗೆ ಬರೂದಿಲ್ಲ’ ಎಂದು ಒಬ್ಬ ಅಪರಿಚಿತನ ಮುಂದೆ ಮೂರು ದಿನ ಕೂತು ಹೇಳುವ ಧೈರ್ಯ ಅವಳಿಗಿತ್ತು, ನನಗಿರಲಿಲ್ಲ. ವೇಗವನ್ನಾದರೆ ಎಲ್ಲಿಂದಾದರೂ ತರಬಹುದಿತ್ತು.

ಆಗ ನಾನು ಮಾಡಿದ್ದನ್ನು ಇಂದಿಗೂ ಹೇಳಲು ನಾಚಿಕೆಯಾಗುತ್ತದೆ. ಆ ಕಾಗದವನ್ನು ನನ್ನ ದುಂಡು ಅಕ್ಷರದಲ್ಲಿ ಬರೆದು ನನ್ನ ಗೋಡೆಗೂ ಅಂಟಿಸಿದೆ. ಜನ ನಿಂತು ಓದಿದರು. ನಿವೃತ್ತ ಮಾಸ್ತರರೊಬ್ಬರು, “ಇದನ್ನೆಲ್ಲ ಹೇಗೆ ತಿಳ್ಕೊಂಡ್ರಿ?” ಎಂದು ಮೆಚ್ಚಿ ಕೇಳಿದಾಗ, “ನಾನೇ ಆಫೀಸಿಗೆ ಹೋಗಿ ಕೇಳಿ ಬರೆಸ್ಕೊಂಡೆ,” ಎಂದುಬಿಟ್ಟೆ.

ನಾಲ್ಕು ತಿಂಗಳು ಚೆನ್ನಾಗಿ ನಡೆಯಿತು. ಕುವೈತಿನವನ ಹೆಂಡತಿಯೂ ನನ್ನಲ್ಲಿಗೇ ವಾಪಸು ಬಂದಳು. ಮಗುವಿನ ಮೊದಲ ಹುಟ್ಟುಹಬ್ಬ ಶುಕ್ರವಾರವೇ ಬಂತು. ಅತ್ತೆ, ಮಾವ, ನಾದಿನಿಯರು ಎಲ್ಲರನ್ನೂ ಕರೆತಂದು ಬೆಳಿಗ್ಗೆ ಹತ್ತಕ್ಕೆ ಕೂತಳು. ಕುವೈತಿನ ಮುಖ ಒಮ್ಮೆ ಕಂಡಿತು, ಬಾಯಿ ತೆರೆದ ಹಾಗೆಯೇ ನಿಂತಿತು. ಅರ್ಧ ತಾಸು ಕಳೆದರೂ ಅಲುಗಲಿಲ್ಲ. ಬಳಕೆಯ ಪುಟ ನೋಡಿದೆ, ಮಿತಿ ಇನ್ನೂ ಬೇಕಾದಷ್ಟಿತ್ತು. ಅವಳ ಮಾವ ಗೋಡೆಯ ಕಾಗದಕ್ಕೆ ಬೆರಳು ತೋರಿಸಿ, “ಇದು ಸುಳ್ಳು ಬರ್ದದ್ದಾ ಹಂಗಾರೆ?” ಎಂದರು. ನಾನೇ ಬರೆಸಿಕೊಂಡದ್ದೆಂದು ಊರಿಗೆಲ್ಲ ಹೇಳಿದ್ದೆ.

ಮಧ್ಯಾಹ್ನದ ಬಸ್ಸಿಗೆ ಅಂಕೋಲೆಗೆ ಹೋದೆ. ತಂಗಿ ಒಬ್ಬಳೇ ಇದ್ದಳು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಆಯಿಗೆ ಹೇಳಿದ ಸುಳ್ಳು, ಕಾಗದ ನಕಲು ಮಾಡಿದ್ದು, ಮಾಸ್ತರರ ಮುಂದೆ ಕೊಚ್ಚಿಕೊಂಡಿದ್ದು. ಅವಳು ಕುರ್ಚಿ ಎಳೆದು ಕೊಡಲಿಲ್ಲ.

“ಲೈನ್‌ಮನ್‌ಗೆ ಲಂಚ ಕೊಟ್ಟೆ ಅಂದ್ಯಲೆ, ನಮ್ಮ ಅತ್ತೆಮನೆಯಲ್ಲೂ ಅದು ಗೊತ್ತಾಯ್ತು,” ಎಂದಳು. “ಒಂದು ತಿಂಗ್ಳು ಅವ್ರು ನನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ.” ನಾನು ಕ್ಷಮೆ ಕೇಳಿದೆ. ಅವಳು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. “ನಂದೂ ಇವತ್ತು ನಿಂತದೆ. ನಾಳೆ ಹೋಗ್ವ. ಇಬ್ರೂ ಹೋಗ್ವ,” ಎಂದಳು.

ಮಾರನೆಯ ದಿನ ಏಜೆಂಟ್ ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ನಿಟ್ಟುಸಿರಿಟ್ಟ. ಕಂಪನಿ ಗದ್ದಲದ ಹೊತ್ತನ್ನು ಬದಲಿಸಿತ್ತು. ಈಗ ಬೆಳಗೂ ಅದರಲ್ಲಿ ಸೇರಿತ್ತು. “ನಮ್ಗೆ ಬೇಕಾದಾಗ ಬದಲು ಮಾಡ್ತೇವೆ ಮೇಡಂ. ಹೇಳ್ಬೇಕು ಅಂತ ಇಲ್ಲ.”

ತಂಗಿ ನನ್ನ ಕಡೆ ನೋಡಿದಳು. ಈ ಸಲ ಕೇಳಬೇಕಾದವಳು ನಾನು ಎಂದು ಅರ್ಥವಾಯಿತು. “ನಂಗೆ ಇಂಗ್ಲಿಷ್ ಸರಿಯಾಗಿ ಬರೂದಿಲ್ಲ,” ಎಂದೆ. “ಹೇಳ್ಬೇಕು ಅಂತ ಇಲ್ಲ ಅನ್ನೂದು ಎಲ್ಲಿ ಬರ್ದದೆ, ಬೆರಳಿಟ್ಟು ತೋರ್ಸಿ.”

ಆತ ಇರುವೆ ಸಾಲುಗಳಲ್ಲಿ ಬಹಳ ಹೊತ್ತು ಹುಡುಕಿದ. ಸಿಗಲಿಲ್ಲ. ಕೊನೆಗೆ, ನಿಯಮ ಬದಲಾದರೆ ಮುಂಚೆಯೇ ಕನ್ನಡದಲ್ಲಿ ಬರೆದು ಆಫೀಸಿನ ಬಾಗಿಲಿಗೆ ಹಚ್ಚುತ್ತೇನೆ, ಇಬ್ಬರಿಗೂ ಫೋನ್ ಮಾಡುತ್ತೇನೆ ಎಂದು ಒಪ್ಪಿಕೊಂಡ. ಆ ಮಟ್ಟಿಗೆ ಒಳ್ಳೆಯವನು. ವರ್ಗವಾಗಿ ಹೋಗುವ ತನಕ ಮಾತು ಉಳಿಸಿಕೊಂಡ.

ಅಂದು ಸಂಜೆಯೇ ನಾವಿಬ್ಬರೂ ಕದ್ವಾಡಕ್ಕೆ ಹೋಗಿ, ನಾನು ಹೇಳಿದ್ದು ಸುಳ್ಳೆಂದು ಆಯಿಗೆ ತಿಳಿಸಿದೆವು. “ನಂಗೆ ಗೊತ್ತಿತ್ತು,” ಎಂದಳು ಆಯಿ. ಆಗಲೂ ನನಗೆ ಚುರ್ರೆಂದಿತು.

ಜನರ ಕೈಗೆ ಒಳ್ಳೆಯ ಫೋನುಗಳು ಬಂದ ಮೇಲೆ ಎರಡೂ ಸೈಬರುಗಳು ಮುಚ್ಚಿದವು. ನನ್ನ ಹೊರಕೋಣೆಯಲ್ಲಿ ಈಗ ಹೊಲಿಗೆ ಯಂತ್ರವಿದೆ. ತಂಗಿಯ ಮನೆಯ ಜಗಲಿಯಲ್ಲಿ ಇಂದಿಗೂ ಯಾರಾದರೊಬ್ಬರು ವಿಮೆಯದೋ ಬ್ಯಾಂಕಿನದೋ ಕಾಗದ ಹಿಡಿದು ಕೂತಿರುತ್ತಾರೆ. ಈಗ ಅಷ್ಟಿಷ್ಟು ಇಂಗ್ಲಿಷ್ ಕಲಿತಿರುವ ಅವಳು ಕನ್ನಡಕ ಏರಿಸಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಬಿಡಿಸಿ ಹೇಳುತ್ತಾಳೆ, ಅರ್ಥವಾಗದ ಕಡೆ ಅರ್ಥವಾಗಲಿಲ್ಲ ಎಂದೇ ಹೇಳುತ್ತಾಳೆ. ನಾನು ಹೋದಾಗಲೆಲ್ಲ ಒಳಗೆ ಕೂತು ಅದನ್ನು ಕೇಳಿಸಿಕೊಳ್ಳುತ್ತೇನೆ. ಹೆಮ್ಮೆಯಾಗುತ್ತದೆ, ನಿಜ. ಆದರೆ ಮೊದಲು ಬರುವುದು ಹೆಮ್ಮೆಯಲ್ಲ, ಅದೇ ಹಳೆಯ ಹೊಟ್ಟೆಕಿಚ್ಚು.