ಬಾಗಿಲಿಗೆ ಅಡ್ಡ ನಿಂತ ಒಡೀಲಿಯಾ

ಮ್ಯಾಸಚೂಸೆಟ್ಸ್ ಕರಾವಳಿಯ ನಮ್ಮೂರಿನ ಅರ್ಧಕ್ಕರ್ಧ ಜನ ಒಡೀಲಿಯಾ ಫುರ್ಟಾಡೊ ಬಡಿಸಿದ ಸೊಪ್ಪಿನ ಸೂಪು ಕುಡಿದು ಬೆಳೆದವರು. ಶಾಲೆಯ ಅಡುಗೆಮನೆಯಿಂದ ನಿವೃತ್ತಳಾದರೂ, ತಟ್ಟೆಯಲ್ಲಿ ಬಟಾಣಿ ಬಿಟ್ಟವರು ಯಾರೆಂಬುದನ್ನು ಆಕೆ ಮರೆತಿಲ್ಲ. ಅವರಲ್ಲೊಬ್ಬ ಈಗ ಪೊಲೀಸ್ ಮುಖ್ಯಸ್ಥ.

ಆಕೆಯ ತಂಗಿ ಇಲ್ಡಾ, ಹೊಸ್ತಿಲಿಗೆ ಬಂದ ಮಾರಾಟಗಾರನ ನಗುವಿಗೆ ಸೋತು ಖಾಸಗಿ ಕಂಪನಿಯೊಂದರ ಕರೆಂಟಿನ ಕರಾರಿಗೆ ಸಹಿ ಹಾಕಿದ್ದಳು. ಮೊದಮೊದಲು ಅಗ್ಗ, ಆಮೇಲೆ ಬಿಲ್ಲು ಗಗನಕ್ಕೇರಿತು. ಚಳಿಗಾಲವಿಡೀ ಇಲ್ಡಾ ಮನೆಯೊಳಗೇ ಕೋಟು ಹಾಕಿಕೊಂಡು ಒಂದೇ ದೀಪದಡಿ ಕೂತಳು. ಅದನ್ನು ಕಂಡ ಒಡೀಲಿಯಾ ಹಟ ಹಿಡಿದಳು: ಎಲ್ಲರ ಪರವಾಗಿ ಊರೇ ಸಗಟಾಗಿ, ಕಡಿಮೆ ದರಕ್ಕೆ ಕರೆಂಟು ಕೊಳ್ಳಬೇಕು, ಬೇಡವೆನ್ನುವವರು ಹೊರಗುಳಿಯಲಿ. ಅದಕ್ಕೆ ಊರಸಭೆ ಒಪ್ಪಬೇಕು. ಊರಿನ ಮತದಾರರೆಲ್ಲ ಕೂತು ಕೈಯೆತ್ತಿ ತೀರ್ಮಾನಿಸುವ ಆ ಸಭೆ ವರ್ಷಕ್ಕೊಮ್ಮೆ.

ಆ ಶನಿವಾರ ಶಾಲೆಯ ಹಾಲ್ ತುಂಬಿದ್ದು ಕರೆಂಟಿಗಾಗಿ ಅಲ್ಲ, ನಾಯಿಗಳಿಗಾಗಿ. ಕಡಲತೀರದಲ್ಲಿ ನಾಯಿಗೆ ಹಗ್ಗ ಬೇಕೋ ಬೇಡವೋ ಎಂದು ಬೆಳಗಿನಿಂದ ಕಚ್ಚಾಡಿದೆವು. ಅದು ತೀರ್ಮಾನವಾದದ್ದೇ ತಡ, ಕರೆಂಟಿನ ವಿಷಯ ಇನ್ನೂ ಬಾಕಿಯಿದ್ದರೂ ಎಲ್ಲರೂ ಬಾಗಿಲತ್ತ ಹೊರಟೆವು. ನಮ್ಮೂರಿನ ಪ್ರಜಾಪ್ರಭುತ್ವ ಊಟದ ಹೊತ್ತಿಗೆ ಮುಗಿಯುತ್ತದೆ.

ಬಾಗಿಲಲ್ಲಿ ಒಡೀಲಿಯಾ ಕೈಕಟ್ಟಿ ನಿಂತಿದ್ದಳು.

"ಎಲ್ಲಿಗೋ ರಸೆಲ್?"

"ಊಟಕ್ಕಮ್ಮ," ಎಂದ ಪೊಲೀಸ್ ಮುಖ್ಯಸ್ಥ.

"ಮೂರನೇ ಕ್ಲಾಸಲ್ಲೂ ಹಿಂಗೇ ಸಾಲು ಮುರಿದು ಓಡ್ತಿದ್ದೆ. ಕೂತ್ಕೋ. ನಾಯಿಗಿರೋ ಮರ್ಯಾದೆ ಇಲ್ಡಾಗೂ ಇರ್ಲಿ."

ಅವನು ಕೂತ. ಹಿಂದಿದ್ದವರೂ ಕೂತರು. ಅಷ್ಟರಲ್ಲಿ ಪಕ್ಕದ ಬಾಗಿಲಿಂದ ಸುಮಾರು ಜನ ಜಾರಿಕೊಂಡಿದ್ದರು.

ಆಗ ಸೆಲ್ಡನ್ ಥೇಯರ್ ಎದ್ದ. ತನ್ನ ಮುತ್ತಜ್ಜ ಕೂತ ಜಾಗದಲ್ಲೇ ಕೂರುತ್ತೇನೆಂದು ಹೇಳಿಕೊಳ್ಳುವ ಮನುಷ್ಯ. ಆ ಹಾಲ್ ಕಟ್ಟಿದ್ದು ಮೊನ್ನೆಮೊನ್ನೆ. "ಊರು ರಸ್ತೆ ಗುಂಡಿ ಮುಚ್ಚಲಿ ಸಾಕು, ಕರೆಂಟಿನ ಅಂಗಡಿ ಇಡೋದು ಬೇಡ. ಸಭಾಪತಿಗಳೇ, ಕೋರಂ ಇಲ್ಲ. ತಲೆ ಎಣಿಸಿ."

ನಿಯಮದಷ್ಟು ಜನರಿಲ್ಲದಿದ್ದರೆ ಸಭೆ ಬರಖಾಸ್ತು, ಇಲ್ಡಾಗೆ ಇನ್ನೊಂದು ಅಂಥದೇ ಚಳಿಗಾಲ. ಎಣಿಸಿದರು.

"ಸರಿಯಾಗಿ ಬೇಕಾದಷ್ಟೇ ಇದೆ," ಎಂದರು ಸಭಾಪತಿ. "ನಿಮ್ಮನ್ನೂ ಸೇರಿಸಿ, ಥೇಯರ್ ಅವರೇ. ನೀವಿಲ್ದಿದ್ರೆ ಒಂದು ತಲೆ ಕಮ್ಮಿ."

ಸೆಲ್ಡನ್ ಟೋಪಿ ಎತ್ತಿಕೊಂಡು ಬಾಗಿಲಿಗೆ ನಡೆದ. ಅವನು ಹೊಸ್ತಿಲು ದಾಟಿದರೆ ಸಭೆ ಮುರಿಯುತ್ತಿತ್ತು. ಒಡೀಲಿಯಾ ಅಡ್ಡ ನಿಲ್ಲಲಿಲ್ಲ, ಬಾಗಿಲು ತೆರೆದು ಹಿಡಿದಳು.

"ಹೋಗಪ್ಪ. ಥೇಯರ್ ಮನೆತನದೋರು ಓಟಿಗೆ ಮುಂಚೆ ಓಡಿಹೋದ್ರು ಅಂತ ಊರಿಗೆಲ್ಲ ನಾನೇ ಹೇಳ್ತೀನಿ."

ಸೆಲ್ಡನ್ ನಿಂತ. ಟೈ ಸರಿಮಾಡಿಕೊಂಡ. ತಿರುಗಿ ಬಂದು ಮುತ್ತಜ್ಜನ ಜಾಗದಲ್ಲಿ ಕೂತ.

'ಬೇಕು' ಎಂದಾಗ ಹಾಲ್ ತುಂಬ ಕೈಗಳೆದ್ದವು. ಊರು ಕರೆಂಟು ಕೊಳ್ಳುವುದೆಂದು ತೀರ್ಮಾನವಾಯಿತು. 'ಬೇಡ' ಎಂದಾಗ ಎದ್ದದ್ದು ಸೆಲ್ಡನ್ನನ ಕೈ ಒಂದೇ. ಎಣಿಸಿಯಾದ ಮೇಲೂ ಅವನು ಅದನ್ನು ಬಹಳ ಹೊತ್ತು ಇಳಿಸಲಿಲ್ಲ.